ವಸ್ತುವಿನ ಚಿತ್ರ, ಕೋಣೆಯ ಚಿತ್ರ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಷ್ಟು ನನಗೆ ಕಲಿಸಿದ ಶಾಲೆ ಇನ್ನೊಂದಿಲ್ಲ. 1877ರ ಕೆಂಪು ಕಟ್ಟಡದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ. ಅದಕ್ಕೆ ಅಂಟಿಕೊಂಡಂತೆ ವೆಂಕಟಪ್ಪ ಚಿತ್ರಶಾಲೆ. 1962ರಲ್ಲಿ ನೆಹರೂ ಉದ್ಘಾಟಿಸಿದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಗ್ರಹಣದ ಮ್ಯೂಸಿಯಂ ‘ಮ್ಯಾಪ್’. ಕಲ್ಲು, ಜಲವರ್ಣ, ಯಂತ್ರ, ಫೋಟೊ ಎಲ್ಲವೂ ಒಂದೇ ರಸ್ತೆಯಲ್ಲಿವೆ. ಒಂದೊಂದಕ್ಕೂ ಬೇಕಾದ ಬೆಳಕೇ ಬೇರೆ, ಅದನ್ನು ಕ್ಯಾಮೆರಾದಲ್ಲಿ ಹಿಡಿಯುವ ಬಗೆಯೂ ಬೇರೆ.

ಮ್ಯೂಸಿಯಂಗಳ ಒಳಗನ್ನು ಫೋಟೊ ತೆಗೆಯುವುದು ನನ್ನ ಕಸುಬು. ಕ್ಯಾಟಲಾಗಿಗೆ, ಕಚೇರಿಯ ದಾಖಲೆಗೆ, ಕೆಲವು ಸಲ ಪ್ರದರ್ಶನವನ್ನು ವಿನ್ಯಾಸ ಮಾಡಿದವರ ಕಡತಕ್ಕೆ. ‘ಅಲ್ಲಿರೋದು ಇದ್ದ ಹಾಗೇ ಇರತ್ತೆ, ಓಡಿಹೋಗಲ್ಲ. ಅದರ ಫೋಟೊ ತೆಗೆಯೋದರಲ್ಲಿ ಏನು ಕಷ್ಟ?’ ಎಂದು ಕೇಳುವವರು ಬಹಳ ಮಂದಿ. ಆದರೆ ಮ್ಯೂಸಿಯಂನಲ್ಲಿ ಯಾವ ವಸ್ತುವೂ ತಾನಾಗಿ ಅಲ್ಲಿ ನಿಂತಿರುವುದಿಲ್ಲ. ಈ ವಿಗ್ರಹ ಎಷ್ಟು ಎತ್ತರದ ಪೀಠದ ಮೇಲಿರಬೇಕು, ಪಕ್ಕದಲ್ಲಿ ಯಾವುದಿರಬೇಕು, ನಡುವೆ ಎಷ್ಟು ಜಾಗ ಬಿಡಬೇಕು, ದೀಪ ಎಲ್ಲಿಂದ ಬೀಳಬೇಕು, ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಮೊದಲು ಏನು ಬೀಳಬೇಕು ಎಂದು ಯಾರೋ ಕೂತು ಯೋಚಿಸಿರುತ್ತಾರೆ. ಆ ಯೋಚನೆಯೇ ಪ್ರದರ್ಶನ ವಿನ್ಯಾಸ. ಒಳ್ಳೆಯ ಮ್ಯೂಸಿಯಂ ಫೋಟೊ ವಸ್ತುವಿನ ಜೊತೆಗೆ ಆ ಯೋಚನೆಯನ್ನೂ ತೋರಿಸಬೇಕು.

ಆದ್ದರಿಂದ ಈ ಕೆಲಸದಲ್ಲಿ ಎರಡು ಬಗೆಯ ಚಿತ್ರಗಳಿವೆ. ಒಂದು ವಸ್ತುವಿನದು, ಇನ್ನೊಂದು ಕೋಣೆಯದು. ಎರಡರ ನಿಯಮಗಳೂ ಒಂದಕ್ಕೊಂದು ತದ್ವಿರುದ್ಧ.

ನಾಯಿಯ ಕಲ್ಲಿನ ಮುಂದೆ

ವಸ್ತುವಿನ ಚಿತ್ರಕ್ಕೆ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಶಾಸನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು, ಕಾಲ ಕ್ರಿ.ಶ. 949–50. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ, ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿದೆ. ಅದೇ ಕಾಳಗದಲ್ಲಿ ಪರಾಕ್ರಮ ತೋರಿದವನು ಮಣಲೇರ. ಮೆಚ್ಚಿದ ಒಡೆಯ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟರು. ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲಿನ ಮೇಲೆ ನಾಯಿ, ಹಂದಿಗಳ ಉಬ್ಬುಶಿಲ್ಪವಿದೆ, ಹಳಗನ್ನಡದ ಅಕ್ಷರಗಳಿವೆ.

ಈ ಕಲ್ಲಿಗೆ ನೇರವಾಗಿ ಎದುರಿನಿಂದ ಬೆಳಕು ಬಿಟ್ಟರೆ ಅಕ್ಷರಗಳು ಕಾಣುವುದೇ ಇಲ್ಲ. ಕೊರೆದ ಗೀಟಿನ ಒಳಗೂ ಹೊರಗೂ ಒಂದೇ ಸಮನೆ ಬೆಳಕು ಬಿದ್ದು, ನೆರಳೇ ಹುಟ್ಟುವುದಿಲ್ಲ. ಕಲ್ಲಕ್ಷರ ಎಂದರೆ ಕಣ್ಣಿಗೆ ಅದರ ನೆರಳು, ಅಷ್ಟೆ. ದೀಪವನ್ನು ಪಕ್ಕಕ್ಕೆ ಒಯ್ದು, ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮಾಂತರವಾಗಿ, ಹತ್ತು ಹದಿನೈದು ಡಿಗ್ರಿಯಷ್ಟು ಕೋನದಲ್ಲಿ ಹಿಡಿದರೆ ಇಳಿಬಿಸಿಲಿಗೆ ಉತ್ತ ಹೊಲದ ಸಾಲುಗಳು ಎದ್ದು ಬರುವಂತೆ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ನಾಯಿಯ ಮೈಕಟ್ಟು ಕಲ್ಲಿನಿಂದ ಬೇರೆಯಾಗಿ ನಿಲ್ಲುತ್ತದೆ.

ಇಲ್ಲೂ ಒಂದು ಸೂಕ್ಷ್ಮವಿದೆ. ಎಡದಿಂದ ಬೆಳಕು ಕೊಟ್ಟರೆ ಉದ್ದಗೀಟುಗಳು ಚೆನ್ನಾಗಿ ಕಾಣುತ್ತವೆ, ಅಡ್ಡಗೀಟುಗಳು ಮಸುಕಾಗುತ್ತವೆ. ಮೇಲಿನಿಂದ ಕೊಟ್ಟರೆ ಅದರ ಉಲ್ಟಾ. ನಮ್ಮ ಲಿಪಿಯೋ ದುಂಡು ದುಂಡಾದದ್ದು. ಒಂದೇ ಅಕ್ಷರದ ಒಂದು ಬಾಗು ಈ ಬೆಳಕಿಗೆ ಕಂಡರೆ ಇನ್ನೊಂದು ಬಾಗಿಗೆ ಆ ಬೆಳಕೇ ಬೇಕು. ಅದಕ್ಕಾಗಿ ಕ್ಯಾಮೆರಾವನ್ನು ಅಲುಗಿಸದೆ ದೀಪವನ್ನು ಮಾತ್ರ ಸುತ್ತ ತಿರುಗಿಸುತ್ತಾ ಹಲವು ಚಿತ್ರ ತೆಗೆಯಬೇಕು. ಇದನ್ನೇ ಕ್ರಮಬದ್ಧವಾಗಿ ಮಾಡುವ ವಿಧಾನವನ್ನು ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಹತ್ತಾರು ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಒಟ್ಟುಗೂಡಿಸುತ್ತದೆ. ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದತ್ತ ಸರಿಸಿ ಸವೆದ ಅಕ್ಷರವನ್ನೂ ಓದಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿರುವುದು ಇದೇ ಕಾಳಜಿಯ ಮುಂದಿನ ಹೆಜ್ಜೆ. ಕಲ್ಲು ಒಡೆದರೂ ಓದು ಉಳಿಯುತ್ತದೆ.

ಹೊಯ್ಸಳ ಶಿಲ್ಪಗಳ ಸಮಸ್ಯೆ ಬೇರೆ. ಬಳಪದ ಕಲ್ಲು ಕಪ್ಪಗಿದ್ದು ಬೆಳಕನ್ನು ನುಂಗುತ್ತದೆ. ಕೆತ್ತನೆಯೂ ಆಳ; ಹಾರದ ಹಿಂದೆ, ತೋಳಿನ ಹಿಂದೆ ಟೊಳ್ಳು. ಇದಕ್ಕೆ ಮೊನಚು ಬೆಳಕು ಹಿಡಿದರೆ ಅರ್ಧ ಶಿಲ್ಪ ಕಗ್ಗತ್ತಲಿಗೆ ಹೋಗುತ್ತದೆ. ದೊಡ್ಡ ಬಿಳಿ ಬಟ್ಟೆಯ ಹಿಂದಿನಿಂದ ಹಾಯಿಸಿದ ಮೆತ್ತನೆಯ ಬೆಳಕು ಪಕ್ಕದಿಂದ ಬರಬೇಕು. ಮೈಸೂರು ಶೈಲಿಯ ಚಿತ್ರದ ಚಿನ್ನದ ರೇಕಿನ ಕೆಲಸಕ್ಕೆ ಮತ್ತೊಂದು ಲೆಕ್ಕ: ಒಂದು ಕೋನದಲ್ಲಿ ಚಿನ್ನ ಮಿನುಗುತ್ತದೆ, ಒಂದು ಗೇಣು ಸರಿದರೆ ಮಂಕು ಹಳದಿಯಾಗುತ್ತದೆ. ನಡೆದು ನೋಡುವವರಿಗೆ ಎರಡೂ ಸಿಗುತ್ತವೆ. ಕ್ಯಾಮೆರಾಕ್ಕೆ ಸಿಗುವುದು ಒಂದೇ. ಯಾವುದೆಂದು ಆರಿಸುವ ಹೊಣೆ ನನ್ನದು.

ಐವತ್ತು ಲಕ್ಸ್ ಕತ್ತಲೆ

ಕೋಣೆಯ ಚಿತ್ರಕ್ಕೆ ಬಂದಾಗ ನನ್ನ ದೀಪಗಳನ್ನೆಲ್ಲ ಮಡಚಿ ಚೀಲಕ್ಕೆ ಹಾಕುತ್ತೇನೆ. ಇಲ್ಲಿ ಬೆಳಕೂ ಪ್ರದರ್ಶನದ ಒಂದು ಭಾಗ. ಅದಕ್ಕೆ ನನ್ನದನ್ನು ಬೆರೆಸಿದರೆ ಬೇರೆಯವರ ಬರಹವನ್ನು ತಿದ್ದಿದಂತೆ.

ವೆಂಕಟಪ್ಪ ಚಿತ್ರಶಾಲೆ ಇರುವುದು ಕೆ. ವೆಂಕಟಪ್ಪನವರ (1886–1965) ಹೆಸರಿನಲ್ಲಿ. ಊಟಿ, ಕೊಡೈಕೆನಾಲ್‌ಗಳ ಮಂಜು, ಬೆಟ್ಟ, ಬೆಳದಿಂಗಳನ್ನು ಅವರು ಕಾಗದದ ಮೇಲೆ ತೆಳುವಾದ ಜಲವರ್ಣದಲ್ಲಿ ಹಿಡಿದರು. ಅಂಥ ಚಿತ್ರಕ್ಕೆ ದೊಡ್ಡ ಶತ್ರು ಬೆಳಕು. ಜಲವರ್ಣ, ಬಟ್ಟೆ, ಹಸ್ತಪ್ರತಿ, ಹಳೆಯ ಫೋಟೊ ಇವುಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು, ತೈಲವರ್ಣಕ್ಕೆ 200 ಲಕ್ಸ್ ಆಗಬಹುದು ಎಂಬುದು ಜಗತ್ತಿನ ಮ್ಯೂಸಿಯಂಗಳು ಬಹುಕಾಲದಿಂದ ಪಾಲಿಸುತ್ತಿರುವ ಲೆಕ್ಕ. ನೆತ್ತಿಯ ಮೇಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್, ಓದಿ ಬರೆಯುವ ಕೋಣೆಯದು 300ರಿಂದ 500 ಎಂದು ಗೊತ್ತಿದ್ದರೆ 50 ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ಬೆಳಕಿನ ಹಾನಿ ಕೂಡುತ್ತಾ ಹೋಗುವಂಥದ್ದು. 500 ಲಕ್ಸ್‌ನಲ್ಲಿ ಒಂದು ಗಂಟೆ ಇಟ್ಟರೂ 50 ಲಕ್ಸ್‌ನಲ್ಲಿ ಹತ್ತು ಗಂಟೆ ಇಟ್ಟರೂ ಚಿತ್ರಕ್ಕೆ ತಗಲುವ ಏಟು ಒಂದೇ. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಆದ್ದರಿಂದ ಕೋಣೆ ಮಬ್ಬಾಗಿರುವುದು ಅಲ್ಲಿನವರ ಜಿಪುಣತನದಿಂದಲ್ಲ. ನಮ್ಮ ಮೊಮ್ಮಕ್ಕಳೂ ಆ ಚಿತ್ರವನ್ನು ನೋಡಲಿ ಎಂದು ಮಾಡಿದ ಏರ್ಪಾಡು ಅದು. ಜಾಣ ವಿನ್ಯಾಸಕಾರರು ಈ ಕತ್ತಲೆಗೆ ಕಣ್ಣನ್ನು ಮೊದಲೇ ಸಿದ್ಧಪಡಿಸುತ್ತಾರೆ. ಹೊರಗಿನ ಬಿಸಿಲಿನಿಂದ ನೇರವಾಗಿ ಜಲವರ್ಣದ ಕೋಣೆಗೆ ಕರೆದೊಯ್ಯದೆ, ನಡುವೆ ಸ್ವಲ್ಪ ಮಬ್ಬಾದ ಓಣಿಯಲ್ಲಿ ನಡೆಸುತ್ತಾರೆ. ಅಷ್ಟರಲ್ಲಿ ಕಣ್ಣು ಹೊಂದಿಕೊಂಡು 50 ಲಕ್ಸ್ ಕೂಡ ಸಾಕೆನಿಸುತ್ತದೆ.

ಕ್ಯಾಮೆರಾದ ಕಣ್ಣು ಹಾಗೆ ಹೊಂದಿಕೊಳ್ಳುವುದಿಲ್ಲ. 50 ಲಕ್ಸ್ ಬೆಳಕಿನಲ್ಲಿ, ಐಎಸ್‌ಒ 100 ಇಟ್ಟು, ಹತ್ತಿರದ ಪೀಠದಿಂದ ದೂರದ ಗೋಡೆಯವರೆಗೆ ಎಲ್ಲವೂ ನಿಚ್ಚಳವಾಗಿರಲೆಂದು ಎಫ್ 8 ಇಟ್ಟರೆ ಸುಮಾರು ಮೂರು ಸೆಕೆಂಡು ಶಟರ್ ತೆರೆದಿರಬೇಕು. ಮೂರು ಸೆಕೆಂಡು ಕೈಯಲ್ಲಿ ಹಿಡಿದು ನಿಲ್ಲಲು ಯಾರಿಂದಲೂ ಆಗದು. ಟ್ರೈಪಾಡ್ ಬೇಕೇ ಬೇಕು. ಹಳೆಯ ಮರದ ನೆಲವಾದರೆ ಯಾರಾದರೂ ಆ ಕಡೆ ನಡೆದರೂ ಸಾಕು, ಟ್ರೈಪಾಡ್ ನಡುಗುತ್ತದೆ. ಕಾವಲಿನವರ ಸಹಕಾರವಿಲ್ಲದೆ ಈ ಕೆಲಸ ಆಗುವುದಿಲ್ಲ. ಯಾವ ಊರಿನ ಮ್ಯೂಸಿಯಂಗೆ ಹೋದರೂ ಅವರು ಪ್ರೀತಿಯಿಂದ ಕೇಳುವ ಮಾತು ಒಂದೇ: ‘ಮೇಡಂ, ಕತ್ಲೆ ಇದೆ, ಇನ್ನೊಂದೆರಡು ಲೈಟ್ ಹಾಕ್ಲಾ?’ ‘ಬೇಡ ಅಣ್ಣ, ಜನ ನೋಡೋವಾಗ ಹೇಗಿರತ್ತೋ ಹಾಗೇ ಇರಲಿ’ ಎನ್ನುತ್ತೇನೆ. ನನ್ನ ಕಸುಬಿನ ಮೊದಲ ನಿಯಮವೂ ಅದೇ.

ಆಸೆ ಹುಟ್ಟುವುದು ಆಮೇಲೆ, ಕಂಪ್ಯೂಟರ್ ಮುಂದೆ ಕೂತಾಗ. ಈಗಿನ ಸಾಫ್ಟ್‌ವೇರಿನಲ್ಲಿ ಮೂರೋ ಐದೋ ಎಕ್ಸ್‌ಪೋಜರ್‌ಗಳನ್ನು ಬೆರೆಸಿ ಮೂಲೆಮೂಲೆಯನ್ನೂ ಬೆಳಗಿಸಬಹುದು. ಕಿಟಕಿಯಾಚೆಯ ಮರವೂ ಕಾಣುತ್ತದೆ, ಶೋಕೇಸಿನ ಅಡಿಯ ಕತ್ತಲೂ ಕಾಣುತ್ತದೆ. ಚಿತ್ರ ಕಣ್ಣು ಸೆಳೆಯುತ್ತದೆ, ಆದರೆ ಕೋಣೆ ಸುಳ್ಳಾಗುತ್ತದೆ. ವಿನ್ಯಾಸಕಾರರು ಸುತ್ತಲೂ ಕತ್ತಲು ಬಿಟ್ಟು ಒಂದು ಕಂಚಿನ ವಿಗ್ರಹಕ್ಕೆ ಮಾತ್ರ ಬೆಳಕು ಕೊಟ್ಟಿದ್ದರೆ ಆ ಕತ್ತಲೂ ಅವರ ತೀರ್ಮಾನವೇ. ಎಕ್ಸ್‌ಪೋಜರ್ ಬೆರೆಸುವುದು ನನ್ನ ಮಟ್ಟಿಗೆ ಕಣ್ಣು ಕಂಡಷ್ಟನ್ನು ಕ್ಯಾಮೆರಾಕ್ಕೂ ಕಾಣಿಸಲಿಕ್ಕೆ, ಅದಕ್ಕಿಂತ ಒಂದು ಗೆರೆ ಹೆಚ್ಚಿಗೆ ಅಲ್ಲ.

ಬಣ್ಣದ ವಿಷಯವೂ ಹೀಗೆಯೇ. ಒಂದೇ ಕೋಣೆಯಲ್ಲಿ ಕಿಟಕಿಯ ನೀಲಿಛಾಯೆಯ ಹಗಲು, ಚಾವಣಿಯ ಟ್ಯೂಬ್‌ಲೈಟು, ಶೋಕೇಸಿನ ಹಳದಿ ಎಲ್‌ಇಡಿ ಸೇರಿರುವುದು ನಮ್ಮಲ್ಲಿ ಸಾಮಾನ್ಯ. ಬೂದು ಬಣ್ಣದ ಗ್ರೇ ಕಾರ್ಡ್ ಮತ್ತು 24 ಚೌಕಗಳ ಬಣ್ಣದ ಪಟ್ಟಿಯನ್ನು ವಸ್ತುವಿನ ಬಳಿ ಹಿಡಿದು ಮೊದಲು ಒಂದು ಚಿತ್ರ ತೆಗೆಯುತ್ತೇನೆ. ಅದರ ಆಧಾರದ ಮೇಲೆ ವಸ್ತುವಿನ ಬಣ್ಣವನ್ನು ಸರಿಪಡಿಸುತ್ತೇನೆ, ಗೋಡೆಯ ಮೇಲಿನ ಹಳದಿ ನೀಲಿಗಳನ್ನು ಇದ್ದಷ್ಟು ಇರಲು ಬಿಡುತ್ತೇನೆ.

ಗಾಜಿನ ಈಚೆ

ಮ್ಯೂಸಿಯಂನಲ್ಲಿ ಕ್ಯಾಮೆರಾಕ್ಕೂ ವಸ್ತುವಿಗೂ ನಡುವೆ ಬಹುಪಾಲು ಒಂದು ಗಾಜು ಇರುತ್ತದೆ. ಅದರಲ್ಲಿ ಎದುರಿನ ಕಿಟಕಿ, ‘ನಿರ್ಗಮನ’ ಎಂಬ ಹಸಿರು ಫಲಕ, ನನ್ನ ಬಿಳಿ ದುಪಟ್ಟ, ಎಲ್ಲವೂ ಮೂಡುತ್ತವೆ. ಕೆಲಸದ ದಿನ ಕಪ್ಪು ಬಟ್ಟೆ ತೊಡುವುದು ಇದೇ ಕಾರಣಕ್ಕೆ. ಕಪ್ಪು ಬಟ್ಟೆಯ ಪರದೆಯೊಂದರಲ್ಲಿ ಲೆನ್ಸ್ ಹಿಡಿಸುವಷ್ಟು ತೂತು ಮಾಡಿ, ಅದನ್ನು ಶೋಕೇಸಿನ ಮುಂದೆ ಹಿಡಿದು, ತೂತಿನಿಂದ ಲೆನ್ಸ್ ತೂರಿಸಿದರೆ ಗಾಜಿಗೆ ಪ್ರತಿಫಲಿಸಲು ಕಪ್ಪು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಓರೆಯಾಗಿ ನಿಲ್ಲಲು ಜಾಗವಿದ್ದರೆ ಪೋಲರೈಸರ್ ಫಿಲ್ಟರ್ ನೆರವಿಗೆ ಬರುತ್ತದೆ. ಗಾಜಿಗೆ ಲಂಬವಾದ ಗೆರೆಯಿಂದ ಸುಮಾರು 56 ಡಿಗ್ರಿ ಓರೆಯಲ್ಲಿ ನಿಂತು ಫಿಲ್ಟರನ್ನು ತಿರುಗಿಸಿದರೆ ಪ್ರತಿಬಿಂಬ ಮಾಯವಾಗುತ್ತದೆ. ನೇರ ಎದುರಿಗೆ ನಿಂತರೆ ಅದರಿಂದ ಏನೂ ಪ್ರಯೋಜನವಿಲ್ಲ. ಬೆಳಕಿನ ಭೌತಶಾಸ್ತ್ರವೇ ಹಾಗೆ.

ಗಾಜಿನ ಮೇಲಿನ ಪ್ರತಿಬಿಂಬ ಫೋಟೊದವರ ತಾಪತ್ರಯ ಮಾತ್ರವಲ್ಲ, ನೋಡುಗರದ್ದೂ ಹೌದು. ಎದುರುಬದುರು ಶೋಕೇಸ್ ಇಟ್ಟು ಎರಡರಲ್ಲೂ ದೀಪ ಹಾಕಿದರೆ ಒಂದರ ಬೆಳಕು ಇನ್ನೊಂದರ ಗಾಜಿನಲ್ಲಿ ಕೂರುತ್ತದೆ. ಅಂಥ ಕಡೆ ನಾನು ಪ್ರತಿಬಿಂಬ ತೆಗೆದ ಒಂದು ಚಿತ್ರ, ಇದ್ದ ಹಾಗೆ ಒಂದು ಚಿತ್ರ, ಎರಡನ್ನೂ ಕೊಡುತ್ತೇನೆ. ಎರಡನೆಯದನ್ನು ನೋಡಿಯೇ ವಿನ್ಯಾಸಕಾರರು ದೀಪದ ಜಾಗ ಬದಲಿಸುವುದು. ಕೋಣೆಯ ಕೊರತೆಯನ್ನು ಮುಚ್ಚದ ಚಿತ್ರ ಮುಂದಿನ ಪ್ರದರ್ಶನಕ್ಕೆ ಪಾಠವಾಗುತ್ತದೆ.

ಎಲ್ಲಿ ನಿಲ್ಲಬೇಕು

ಚಿತ್ರಗಳನ್ನು ತೂಗುಹಾಕುವಾಗ ಅವುಗಳ ನಡುಭಾಗ ನೆಲದಿಂದ 145ರಿಂದ 155 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ನೋಡಿಕೊಳ್ಳುವುದು ರೂಢಿ. ನಿಂತು ನೋಡುವವರ ಕಣ್ಣಿನ ಸರಾಸರಿ ಎತ್ತರ ಅದು. ನನ್ನ ಕ್ಯಾಮೆರಾವೂ ಅಲ್ಲೇ ನಿಲ್ಲುತ್ತದೆ. ಗಾಲಿಕುರ್ಚಿಯಲ್ಲಿ ಬಂದವರಿಗೆ, ಮಕ್ಕಳಿಗೆ ಆ ಕೋಣೆ ಹೇಗೆ ಕಾಣುತ್ತದೆ ಎಂದು ತೋರಿಸಲು 115 ಸೆಂಟಿಮೀಟರಿಗೆ ಇಳಿಸಿ ಇನ್ನೊಂದು ಚಿತ್ರ ತೆಗೆಯುತ್ತೇನೆ. ಮೇಜಿನಂಥ ಶೋಕೇಸಿನ ಒಳಗೆ ಮಲಗಿಸಿದ ತಾಮ್ರಪಟ ಆ ಎತ್ತರದಿಂದ ಬರೀ ಒಂದು ಅಂಚಾಗಿ ಕಾಣುವುದನ್ನು ಒಮ್ಮೆ ಫೋಟೊದಲ್ಲಿ ತೋರಿಸಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಕ್ಯಾಮೆರಾ ಮಟ್ಟಸವಾಗಿರಬೇಕು. ಸ್ವಲ್ಪ ಮೇಲಕ್ಕೆ ಓರೆ ಮಾಡಿದರೂ ಕಂಬಗಳು ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತವೆ. 1877ರ ಕಟ್ಟಡದಂಥ ಎತ್ತರದ ಚಾವಣಿ, ಸಾಲುಕಂಬಗಳಿರುವ ಕಡೆ ಇದು ದೊಡ್ಡ ಪ್ರಶ್ನೆ. ಅದಕ್ಕೆಂದೇ ಟಿಲ್ಟ್–ಶಿಫ್ಟ್ ಲೆನ್ಸ್‌ಗಳಿವೆ. ಕ್ಯಾಮೆರಾವನ್ನು ಓರೆ ಮಾಡದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಿ ಚಾವಣಿಯನ್ನು ಚೌಕಟ್ಟಿನೊಳಗೆ ತರಬಹುದು. ತೀರಾ ಅಗಲದ ಲೆನ್ಸನ್ನು ನಾನು ದೂರವಿಡುತ್ತೇನೆ. ಹತ್ತು ಹೆಜ್ಜೆಯ ಕೋಣೆಯನ್ನು ಅದು ಮದುವೆ ಛತ್ರದ ಹಾಲಿನಷ್ಟು ಮಾಡಿ ತೋರಿಸುತ್ತದೆ. ಎರಡು ವಿಗ್ರಹಗಳ ನಡುವಿನ ಅಂತರವನ್ನು ಅಳೆದು ಇಟ್ಟವರಿಗೆ ಅದರಿಂದ ಅನ್ಯಾಯವಾಗುತ್ತದೆ.

ಜನರಿಲ್ಲದ ಕೋಣೆಯ ಚಿತ್ರವನ್ನೇ ಮ್ಯೂಸಿಯಂಗಳು ಸಾಮಾನ್ಯವಾಗಿ ಕೇಳುತ್ತವೆ. ಆದರೆ ವಿಶ್ವೇಶ್ವರಯ್ಯ ಮ್ಯೂಸಿಯಂನಂಥ ಕಡೆ ಖಾಲಿ ಕೋಣೆ ಅರ್ಧ ಕೋಣೆ. ಅಲ್ಲಿನ ಯಂತ್ರಗಳನ್ನು ಒತ್ತಿ, ತಿರುಗಿಸಿ, ಎಳೆದು ನೋಡುವಂತೆ ಮಾಡಿಟ್ಟಿದ್ದಾರೆ. ಮಕ್ಕಳ ಕೈ ಬೀಳದಿದ್ದರೆ ಆ ವಿನ್ಯಾಸ ಏಕೆ ಹಾಗಿದೆ ಎಂದು ಅರ್ಥವೇ ಆಗದು. ರೈಟ್ ಸಹೋದರರ ವಿಮಾನದ ನಿಜಗಾತ್ರದ ಪ್ರತಿಕೃತಿಯೂ ಅಲ್ಲಿದೆ. ಪಕ್ಕದಲ್ಲಿ ಮನುಷ್ಯರಿದ್ದರೆ ತಾನೇ ಅದರ ರೆಕ್ಕೆಯ ಅಗಲ ತಿಳಿಯುವುದು? ಅರ್ಧ ಸೆಕೆಂಡು, ಒಂದು ಸೆಕೆಂಡು ಶಟರ್ ತೆರೆದಿಟ್ಟರೆ ಯಂತ್ರ ಸ್ಥಿರವಾಗಿ ನಿಲ್ಲುತ್ತದೆ, ಓಡಾಡುವ ಮಕ್ಕಳು ಮಸುಕಾಗುತ್ತಾರೆ. ಯಾರ ಮುಖವೂ ಗುರುತು ಸಿಗುವುದಿಲ್ಲ, ಕೋಣೆಯ ಗಡಿಬಿಡಿ ಮಾತ್ರ ಚಿತ್ರದಲ್ಲಿ ಉಳಿಯುತ್ತದೆ.

ಕಳಚಿದ ಮೇಲೆ

ಮ್ಯಾಪ್‌ನ ಆರಂಭದ ಪ್ರದರ್ಶನಗಳಲ್ಲಿ ಜ್ಯೋತಿ ಭಟ್ಟರ ಛಾಯಾಚಿತ್ರಗಳದ್ದೂ ಒಂದು. ಹಳ್ಳಿಗಳ ಗೋಡೆಚಿತ್ರ, ರಂಗೋಲಿಗಳನ್ನು ದಶಕಗಳ ಕಾಲ ಫೋಟೊದಲ್ಲಿ ದಾಖಲಿಸಿದವರು ಅವರು. ಬೆಳಿಗ್ಗೆ ಬಿಡಿಸಿ ಸಂಜೆಗೆ ಅಳಿಯುವ ಕಲೆಯನ್ನು ಅವರ ಕ್ಯಾಮೆರಾ ಉಳಿಸಿತು. ಪ್ರದರ್ಶನವೂ ಅದೇ ಜಾತಿಗೆ ಸೇರಿದ್ದು. ಕೆಲವು ತಿಂಗಳು ಇದ್ದು, ಒಂದು ದಿನ ಗೋಡೆಯಿಂದ ಇಳಿಯುತ್ತದೆ. ವಸ್ತುಗಳು ಉಗ್ರಾಣಕ್ಕೆ ಹೋಗುತ್ತವೆ, ಗೋಡೆಗೆ ಹೊಸ ಬಣ್ಣ ಬೀಳುತ್ತದೆ. ಆ ಜೋಡಣೆ ಮತ್ತೆಲ್ಲೂ ಸಿಗುವುದಿಲ್ಲ.

ಅದನ್ನು ಉಳಿಸುವುದು ಕೋಣೆಯ ಚಿತ್ರ ಎಂಬುದಕ್ಕೆ ಕಲೆಯ ಇತಿಹಾಸದಲ್ಲಿ ಸಾಕ್ಷಿಗಳಿವೆ. 1915ರ ಡಿಸೆಂಬರಿನಲ್ಲಿ ರಷ್ಯಾದ ಪೆಟ್ರೊಗ್ರಾಡ್‌ನಲ್ಲಿ ‘0,10’ ಎಂಬ ಪ್ರದರ್ಶನ ನಡೆಯಿತು. ಕಲಾವಿದ ಕಾಜಿಮಿರ್ ಮಾಲೆವಿಚ್ ತನ್ನ ‘ಕಪ್ಪು ಚೌಕ’ ಚಿತ್ರವನ್ನು ಅಲ್ಲಿ ಮೊದಲು ತೋರಿಸಿದ. ಆ ಕೋಣೆಯ ಕಪ್ಪುಬಿಳುಪು ಫೋಟೊ ಒಂದು ಉಳಿದಿದೆ. ಚೌಕ ಗೋಡೆಯ ನಡುವೆ ಇಲ್ಲ. ಎರಡು ಗೋಡೆ ಕೂಡುವ ಮೂಲೆಯಲ್ಲಿ, ಚಾವಣಿಯ ಹತ್ತಿರ ಇದೆ. ರಷ್ಯಾದ ಮನೆಗಳಲ್ಲಿ ದೇವರ ಪಟ ಇಡುವ ಜಾಗ ಅದು. ಕ್ಯಾನ್ವಾಸು ಈಗಲೂ ಮಾಸ್ಕೊದಲ್ಲಿದೆ, ಆದರೆ ಅದನ್ನೆಷ್ಟು ನೋಡಿದರೂ ಈ ಸಂಗತಿ ತಿಳಿಯುವುದಿಲ್ಲ. ಆ ಫೋಟೊ ಇಲ್ಲದಿದ್ದರೆ ಮಾಲೆವಿಚ್‌ನ ಮಾತು ಅರ್ಧವಷ್ಟೇ ನಮಗೆ ಕೇಳಿಸುತ್ತಿತ್ತು.

ಜರ್ಮನಿಯ ಹ್ಯಾನೊವರ್‌ನಲ್ಲಿ ಮ್ಯೂಸಿಯಂ ನಿರ್ದೇಶಕ ಅಲೆಕ್ಸಾಂಡರ್ ಡೋರ್ನರ್‌ನ ಕೋರಿಕೆಯಂತೆ ಕಲಾವಿದ ಎಲ್ ಲಿಸಿಟ್ಸ್ಕಿ 1927ರ ಹೊತ್ತಿಗೆ ಒಂದು ಕೋಣೆಯನ್ನೇ ಕಲಾಕೃತಿಯಂತೆ ರೂಪಿಸಿದ. ಗೋಡೆಗೆ ಸಣ್ಣ ಪಟ್ಟಿಗಳನ್ನು ಜೋಡಿಸಿ, ಒಂದು ಮಗ್ಗುಲಿಗೆ ಬಿಳಿ, ಇನ್ನೊಂದಕ್ಕೆ ಕಪ್ಪು ಬಳಿಸಿದ್ದ. ನೋಡುಗರು ನಡೆದಂತೆಲ್ಲ ಗೋಡೆ ಬಿಳಿಯಿಂದ ಬೂದಿಗೆ, ಬೂದಿಯಿಂದ ಕಪ್ಪಿಗೆ ತಿರುಗುತ್ತಿತ್ತು. 1937ರಲ್ಲಿ ನಾಜಿಗಳು ಅದನ್ನು ಕಿತ್ತುಹಾಕಿದರು. ಉಳಿದಿದ್ದ ಫೋಟೊ, ನಕ್ಷೆಗಳನ್ನು ಇಟ್ಟುಕೊಂಡು 1968ರಲ್ಲಿ ಅದನ್ನು ಮತ್ತೆ ಕಟ್ಟಿದರು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1929ರಿಂದ ತಾನು ನಡೆಸಿದ ಪ್ರದರ್ಶನಗಳ ಕೋಣೆಯ ಚಿತ್ರಗಳನ್ನು 2016ರಲ್ಲಿ ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಹಾಕಿತು. ಸಾವಿರಾರು ಚಿತ್ರಗಳು. ಯಾವ ಕಾಲದಲ್ಲಿ ಯಾರನ್ನು ಯಾರ ಪಕ್ಕ ತೂಗುಹಾಕಿದರು, ಯಾರನ್ನು ಹೊರಗಿಟ್ಟರು ಎಂಬುದನ್ನು ಈಗ ವಿದ್ಯಾರ್ಥಿಗಳು ಮನೆಯಲ್ಲೇ ಕೂತು ಓದಬಹುದು.

ನಮ್ಮಲ್ಲಿ ವಸ್ತುಗಳ ಪಟ್ಟಿ ಇದೆ, ನಂಬರ್ ಇದೆ, ಪಾಸ್‌ಪೋರ್ಟ್ ಫೋಟೊದಂಥ ಒಂದು ಚಿತ್ರವೂ ಇರಬಹುದು. ಕೋಣೆಯ ಚಿತ್ರ ಅಪರೂಪ. ಗ್ಯಾಲರಿ ನವೀಕರಣವಾಗುತ್ತದೆ, ಹಳೆಯ ತೇಗದ ಶೋಕೇಸುಗಳು ಹೊರಗೆ ಹೋಗುತ್ತವೆ, ಕೈಬರಹದ ಕನ್ನಡ ಲೇಬಲ್ಲುಗಳು ಕಸವಾಗುತ್ತವೆ. ಹಿಂದಿನವರು ಹೇಗೆ ಜೋಡಿಸಿದ್ದರು ಎಂದು ಹತ್ತು ವರ್ಷದ ನಂತರ ಕೇಳಿದರೆ ನಿವೃತ್ತರಾದವರ ನೆನಪೇ ಗತಿ. ಇದು ನನ್ನನ್ನು ಬಹಳ ಕಾಡುವ ನಷ್ಟ.

ನಿಮ್ಮ ಕೈಯ ಮೊಬೈಲಿನಲ್ಲಿ

ಅನುಮತಿ ಇರುವ ಕಡೆ ಓದುಗರೂ ಒಳ್ಳೆಯ ಕೋಣೆಯ ಚಿತ್ರ ತೆಗೆಯಬಹುದು. ಫ್ಲಾಶ್ ಆರಿಸಿ. ಒಂದು ಸಲದ ಮಿಂಚಿನಿಂದ ವಸ್ತುವಿಗೆ ಆಗುವ ಹಾನಿ ಅಲ್ಪವಿರಬಹುದು, ಆದರೆ ಅದು ಕೋಣೆಯ ಬೆಳಕನ್ನು ಕೆಡಿಸುತ್ತದೆ, ಪಕ್ಕದವರ ಕಣ್ಣನ್ನೂ ಕೆಡಿಸುತ್ತದೆ. ಮೊಬೈಲನ್ನು ಗೋಡೆಗೆ ನೇರವಾಗಿ, ಎದೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಹಿಡಿಯಿರಿ. ಮೊದಲು ಬಾಗಿಲಲ್ಲಿ ನಿಂತು ಇಡೀ ಕೋಣೆ, ಆಮೇಲೆ ವಸ್ತು ಮತ್ತು ಅದರ ಅಕ್ಕಪಕ್ಕ, ಕೊನೆಗೆ ಓದಲು ಬರುವಂತೆ ಲೇಬಲ್. ಈ ಮೂರು ಚಿತ್ರಗಳಿದ್ದರೆ ಮನೆಗೆ ಬಂದ ಮೇಲೂ ನೀವು ನೋಡಿದ್ದೇನು, ಅದನ್ನು ಹೇಗೆ ತೋರಿಸಿದ್ದರು ಎಂದು ಇನ್ನೊಬ್ಬರಿಗೆ ಹೇಳಬಲ್ಲಿರಿ.

ಮ್ಯೂಸಿಯಂ ನಡೆಸುವವರಲ್ಲಿ ನನ್ನ ಕೋರಿಕೆಯೂ ಇಷ್ಟೇ ಸರಳ. ಗ್ಯಾಲರಿಯಲ್ಲಿ ಏನನ್ನಾದರೂ ಬದಲಿಸುವ ಮೊದಲು ಕೋಣೆಯ ನಾಲ್ಕು ಮೂಲೆಯಿಂದ ನಾಲ್ಕು ಚಿತ್ರ, ಪ್ರತಿ ಗೋಡೆಯದು ನೇರವಾಗಿ ಒಂದು, ಎಲ್ಲ ಲೇಬಲ್ಲುಗಳದು ಒಂದೊಂದು ತೆಗೆದಿಡಿ. ಯಾವ ವಸ್ತು ಎಲ್ಲಿತ್ತು ಎಂದು ತೋರಿಸುವ ನೆಲನಕ್ಷೆ, ಆ ದಿನದ ತಾರೀಖು, ಲಕ್ಸ್ ಮೀಟರಿನ ಅಳತೆ ಜೊತೆಗಿರಲಿ. ಜಿಲ್ಲಾ ಕೇಂದ್ರದ ಪುಟ್ಟ ಮ್ಯೂಸಿಯಂ ಕೂಡ ಒಂದು ಟ್ರೈಪಾಡ್, ಸಾಧಾರಣ ಕ್ಯಾಮೆರಾ ಇಟ್ಟುಕೊಂಡು ಇದನ್ನು ತನ್ನ ಸಿಬ್ಬಂದಿಯಿಂದಲೇ ಮಾಡಿಸಬಹುದು. ಕನ್ನಡ ನಾಡು ತನ್ನ ಚರಿತ್ರೆಯನ್ನು ತನ್ನ ಜನರ ಮುಂದೆ ಹೇಗೆ ಇಟ್ಟಿತು ಎಂಬುದೂ ಚರಿತ್ರೆಯೇ. ಅದನ್ನು ಬರೆಯಲು ಕೂರುವವರಿಗೆ ಆ ಚಿತ್ರಗಳು ಬೇಕಾಗುತ್ತವೆ, ತೆಗೆಯಬೇಕಾದವರು ಇವತ್ತು ಆ ಕೋಣೆಗಳಲ್ಲಿ ಇರುವ ನಾವು.